ಮಾವನ ದೊಡ್ಡ ಫೇಸ್‌ಪ್ಲೇಟು

ಹುಣಸೂರಿನ ನಮ್ಮ ಸೋದರಮಾವನನ್ನು ನೀವು ಏನು ಬೇಕಾದರೂ ಕೇಳಿ. ಸ್ಕೂಟರ್ ಕೇಳಿ, ಕೊಡುತ್ತಾರೆ. ಮೈಮೇಲಿನ ಅಂಗಿ ಕೇಳಿ, ನಿಂತಲ್ಲೇ ಬಿಚ್ಚಿಕೊಡುತ್ತಾರೆ. ದೊಡ್ಡ ಫೇಸ್‌ಪ್ಲೇಟನ್ನು ಮಾತ್ರ ಕೇಳಬೇಡಿ, ನಿಮ್ಮ ದಮ್ಮಯ್ಯ!

ಮಾವ ಲೇತಿನಲ್ಲಿ ಮರ ಕಡೆಯುವವರು. ಮಂಚದ ಕಾಲಾದರೆ ಮರವನ್ನು ಎರಡೂ ತುದಿಯಲ್ಲಿ ಹಿಡಿಸಿ ತಿರುಗಿಸಬಹುದು. ಬೋಗುಣಿ ಮಾಡಲು ಒಳಗೆ ಉಳಿ ಹೋಗಬೇಕಲ್ಲ, ಒಂದು ಕಡೆ ಬಿಡಲೇಬೇಕು. ಆಗ ಇನ್ನೊಂದು ಕಡೆಯಿಂದ ಮರವನ್ನು ಹಿಡಿಯುವುದೇ ಫೇಸ್‌ಪ್ಲೇಟು. ಸುತ್ತಲೂ ತೂತುಗಳಿರುವ ದುಂಡನೆಯ ಕಬ್ಬಿಣದ ಬಿಲ್ಲೆ. ಅದನ್ನು ಮರಕ್ಕೆ ಸ್ಕ್ರೂಗಳಿಂದ ಬಿಗಿದು ಲೇತಿಗೆ ತಿರುಚಿ ಕೂರಿಸಿದರೆ ಮುಗಿಯಿತು. ಮುಗಿಯಿತು ಎಂದು ನಾನು ಹೇಳಬೇಕು, ಅಷ್ಟೆ! ಮಾವನಿಗೆ ಅದು ಹೆಣ್ಣಿಗೆ ಗಂಡು ಹುಡುಕುವಷ್ಟು ದೊಡ್ಡ ಕೆಲಸ. ಮರ ಹಸಿಯೋ ಒಣಗಿದ್ದೋ, ಭಾರ ಎಷ್ಟು, ಎಲ್ಲಿಯಾದರೂ ಬಿರುಕಿದೆಯೋ ಎಂದು ತಟ್ಟಿ, ಮೂಸಿ, ಮಗುವಿನ ಹಾಗೆ ಎತ್ತಿ ನೋಡಿ, ಆಮೇಲೆ ಪ್ಲೇಟು ಆರಿಸುತ್ತಾರೆ.

ಸುಮ್ಮನೆ ಬಂದ ಬುದ್ಧಿಯಲ್ಲ ಅದು. ಹಿಂದೊಮ್ಮೆ ಆತುರದಲ್ಲಿ ಹಲಸಿನ ದಪ್ಪ ತುಂಡಿಗೆ ಸಣ್ಣ ಪ್ಲೇಟು, ಗಿಡ್ಡ ಸ್ಕ್ರೂ ಹಾಕಿದ್ದರಂತೆ. ತುಂಡು ಕಿತ್ತುಕೊಂಡು ಹಾರಿ ಬಂದು ಮಾವನ ಮುಂದಿನ ಹಲ್ಲುಗಳನ್ನು ಕರೆದುಕೊಂಡು ಹೋಯಿತು. ಆ ತುಂಡಿಗೆ ಇಂದಿಗೂ ಶೆಡ್ಡಿನ ಗೋಡೆಯಲ್ಲಿ ದೇವರ ಪಟದ ಪಕ್ಕದಲ್ಲೇ ಜಾಗ. ದೇವರಿಗೆ ಹೂವು ತಪ್ಪಿದರೂ ಅದಕ್ಕೆ ಕುಂಕುಮ ತಪ್ಪುವುದಿಲ್ಲ.

ಅಂದಿನಿಂದ ಯಾವುದನ್ನು ಕಂಡರೂ ಅಲ್ಲಾಡಿಸಿ ನೋಡುವ ಚಾಳಿ ಅಂಟಿತು. ಸಾಲಿಗ್ರಾಮದಲ್ಲಿ ನೆಂಟರೊಬ್ಬರು ತೀರಿಕೊಂಡಾಗ ನಾವೆಲ್ಲ ಅಳುತ್ತಿದ್ದರೆ ಮಾವ ಚಟ್ಟ ಹೊತ್ತವರನ್ನು ನಿಲ್ಲಿಸಿದರು.

"ಇಳಿಸ್ರಲಾ, ಕಾಲ್ತಾವ ಕಟ್ಟು ಸಡ್ಲ ಆಗೈತೆ."

"ಅದೇನ್ ಲೇತ್ ಮೇಲೆ ತಿರುಗ್ತದಾ ಮಾವ? ಮಲಗವ್ರೆ ಕಣ್ರೀ!" ಎಂದೆ ನಾನು.

ಕೇಳಬೇಕಲ್ಲ! ಹಗ್ಗ ಬಿಚ್ಚಿ ಮತ್ತೆ ಬಿಗಿದ ಮೇಲೆಯೇ ಹೆಣ ಹೊರಟಿದ್ದು.

ಇನ್ನು ದೊಡ್ಡ ಫೇಸ್‌ಪ್ಲೇಟಿನ ವಿಷಯ. ಗುಜರಿಯಲ್ಲಿ ಸಿಕ್ಕಿದ ಅದು ಮಾವನ ಹಳೇ ಲೇತಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಅಂಥದ್ದು ಇನ್ನೊಂದು ಎಲ್ಲೂ ಸಿಗಲಿಲ್ಲ. ಅದಿಲ್ಲದಿದ್ದರೆ ದೊಡ್ಡ ಬೋಗುಣಿಯೂ ಇಲ್ಲ. ಅತ್ತೆಯ ಸ್ವಂತ ತಮ್ಮ ಕಂಪಲಾಪುರದಲ್ಲಿ ಲೇತ್ ಇಟ್ಟುಕೊಂಡಿದ್ದಾರೆ. ಬಂದಾಗಲೆಲ್ಲ, "ದೊಡ್ ಪ್ಲೇಟು ಕೊಡು ಭಾವ, ನನ್ ಲೇತ್‌ಗೆ ಒಂದ್ಸಲ ಕೂರ್ಸಿ ನೋಡ್ತೀನಿ" ಎನ್ನುತ್ತಿದ್ದರು.

"ನನ್ ಕಣ್ಣು ಬೇಕಾರೆ ಕಿತ್ಕೊಂಡ್ ಓಗ್ಲಾ. ಪ್ಲೇಟ್ ಮುಟ್ಬ್ಯಾಡ."

ಕಳೆದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಪೂರ್ತಿ ಬಿದ್ದುಹೋಯಿತು, ಮಾತು ತೊದಲಿತು. ನೋಡಿಕೊಳ್ಳಲು ನಾನು ಪಿರಿಯಾಪಟ್ಟಣದಿಂದ ಬಂದು ಅವರ ಮನೆಯಲ್ಲೇ ಉಳಿದೆ. ಇಡೀ ಬೀದಿಗೆ ಉಣಬಡಿಸಿದ ಹೆಂಗಸು, ಇನ್ನೊಬ್ಬರ ಕೈಯಿಂದ ತುತ್ತು ತಿನ್ನಲು ಬಾಯಿ ತೆರೆಯಲಿಲ್ಲ. ಎಡಗೈಯಲ್ಲಿ ಉಣ್ಣುವ ನಾಚಿಕೆಗೆ ನನ್ನನ್ನೂ ಹೊರಗೆ ಕಳಿಸಿ ಬಾಗಿಲು ಮುಂದಕ್ಕೆ ಮಾಡಿಸುತ್ತಿದ್ದರು. ಮುದ್ದೆ ಮುರಿಯಲು ಹೋದರೆ ಸ್ಟೀಲ್ ತಟ್ಟೆ ಜಾರುತ್ತಿತ್ತು. ಒಂದು ದಿನ ತಟ್ಟೆ ಮಗುಚಿ ಉಪ್ಸಾರು ಮಡಿಲಿಗೆ ಚೆಲ್ಲಿತು, ಮುದ್ದೆ ಉರುಳಿ ಹೊಸ್ತಿಲಿಗೆ ಬಂತು. ನಗಬೇಕೋ ಅಳಬೇಕೋ? ನಾನು ಅತ್ತುಬಿಟ್ಟೆ.

ಅಂದಿನಿಂದ ಅತ್ತೆ ಊಟವನ್ನೇ ಬಿಟ್ಟರು. ಒಂದಿಷ್ಟು ಮಜ್ಜಿಗೆ, ಅಷ್ಟೆ. ಹೀಗೇ ಆದರೆ ಮೂಗಿಗೆ ನಳಿಕೆ ಹಾಕಬೇಕು ಎಂದರು ಡಾಕ್ಟರು. ಮೈ ಸವೆದು ಸೀರೆಯೊಳಗೆ ಮನುಷ್ಯರಿದ್ದಾರೋ ಇಲ್ಲವೋ ಎನ್ನುವ ಹಾಗಾಯಿತು. ಚಟ್ಟದ ಹಗ್ಗ ಬಿಗಿಯುವ ಮಾವನ ಕೈ ನೆನಪಾಗಿ ನನಗೆ ಭಯವಾಗುತ್ತಿತ್ತು. ಮಾವ ಮಾತ್ರ ಒಂದು ಬೆಳಿಗ್ಗೆ ಶೆಡ್ಡು ಸೇರಿಕೊಂಡರು. ಹೆಂಡತಿ ಹೀಗೆ ಮಲಗಿರುವಾಗ ಲೇತಿನ ಸದ್ದೇ? ನನಗೆ ಮೈಯೆಲ್ಲ ಉರಿಯಿತು.

ಮರುದಿನ ಊಟದ ಹೊತ್ತಿಗೆ ಹಲಸಿನ ಬೋಗುಣಿಯೊಂದನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಬಂದರು. ತಳ ದಪ್ಪ, ಅಂಚು ಒಳಕ್ಕೆ ಬಾಗಿತ್ತು. ಅಡಿಯಲ್ಲಿ ದೊಡ್ಡ ಫೇಸ್‌ಪ್ಲೇಟು ಹಾಗೇ ಇತ್ತು!

"ಮಾವ, ಪ್ಲೇಟು ಬಿಚ್ಚೋದೇ ಮರ್ತಿದ್ದೀರಿ!" ಎಂದು ಸಿಟ್ಟಿನಲ್ಲೂ ನಕ್ಕುಬಿಟ್ಟೆ.

ಮಾವ ಅತ್ತೆಯನ್ನು ಗೋಡೆಗೆ ಒರಗಿಸಿ ಕೂರಿಸಿ, ಬೋಗುಣಿಯನ್ನು ಎಡಗಡೆ ಇಟ್ಟು ಮುದ್ದೆ, ಸಾರು ಬಡಿಸಿ, "ಮುರಿ ಕಣೇ" ಎಂದರು. ಅತ್ತೆ ಎಡಗೈ ಹಾಕಿದರು. ಬೋಗುಣಿ ಕದಲಲಿಲ್ಲ. ಕಬ್ಬಿಣದ ಭಾರ ಅದನ್ನು ನೆಲಕ್ಕೆ ಹಿಡಿದಿತ್ತು. ಮುದ್ದೆ ಬಾಗಿದ ಅಂಚಿಗೆ ಒತ್ತಿ ನಿಂತು ಮುರಿಯಿತು. ಅತ್ತೆ ಸಾರಿಗೆ ಅದ್ದಿ ನುಂಗಿದರು. ಮತ್ತೊಂದು ತುತ್ತು ಮುರಿದರು. ಆಮೇಲೆ ಮಾವನ ಮುಖ ನೋಡಿ, "ಪ್ಲೇಟು... ನಿಮ್ಗೆ?" ಎಂದು ತೊದಲಿದರು.

"ಸುಮ್ಕೆ ಉಣ್ಣು" ಎಂದರು ಮಾವ. ಬೋಗುಣಿಯ ಅಡಿಗೆ ಬೆರಳು ತೂರಿಸಿ ಸ್ಕ್ರೂಗಳನ್ನು ಮುಟ್ಟಿ ನೋಡಿದರು. "ಅಲ್ಲಾಡ್ತದಾ?"

ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಕಣ್ಣೊರೆಸಿಕೊಳ್ಳಲು ಇದ್ದ ಒಂದೇ ಕೈ ಊಟದಲ್ಲಿತ್ತು. ಮಾವ ಹೆಗಲ ಟವೆಲಿನಿಂದ ಒರೆಸಿದರು.

ಮೊನ್ನೆ ಕಂಪಲಾಪುರದ ತಮ್ಮ ಬಂದವರು ಅಂಗಳದಿಂದಲೇ ಹಳೇ ರಾಗ ತೆಗೆದರು. "ಭಾವ, ಇವತ್ತಾದ್ರೂ ದೊಡ್ ಪ್ಲೇಟು ಕೊಟ್ಬುಡು."

ಮಾವ ಒಳಗಿನಿಂದ ಮೆಲ್ಲಗೆ ಹೇಳಿದರು: "ತಡಿಯಲಾ, ನಿಮ್ಮಕ್ಕ ಉಣ್ತಾವ್ಳೆ."