ಅಗ್ಗದ ಕೋವಿ ಮತ್ತು ಅಂಗಿಯ ಚುಂಗು

ವರ್ಲಿನ್ ಜಾಸ್ತ್ರೋನ ಕಷ್ಟಕ್ಕೆಲ್ಲ ಮೂಲ ಒಂದು ಗೇಣು ಬಟ್ಟೆ. ಅದು ಅವನ ಅಂಗಿಯ ಹಿಂಬದಿಯ ಚುಂಗು.

ನಾರ್ಬರ್ಟ್ ಮಾವನ ಬೇಟೆ ಬಿಡಾರದಲ್ಲಿ ಒಂದು ಕಟ್ಟಳೆಯಿತ್ತು. ಜಿಂಕೆಗೆ ಈಡು ಹೊಡೆದು ಗುರಿ ತಪ್ಪಿದವನನ್ನು ಆ ಸಂಜೆ ಮೇಜಿನ ಮೇಲೆ ಬೋರಲು ಬಗ್ಗಿಸಿ, ಪ್ಯಾಂಟಿನೊಳಗಿಂದ ಅಂಗಿಯ ಚುಂಗನ್ನು ಹೊರಗೆಳೆದು, ಕುರಿ ಉಣ್ಣೆಯ ಕತ್ತರಿಯಿಂದ ಕತ್ತರಿಸಿ, ಹೆಸರು ಬರೆದು ಗೋಡೆಗೆ ಮೊಳೆ ಹೊಡೆಯಬೇಕು. ವಿಸ್ಕಾನ್ಸಿನ್‌ನ ಬಡಗಣ ಕಾಡಿನಲ್ಲಿ ಇದನ್ನು ತಮಾಷೆ ಎನ್ನುತ್ತಾರೆ. ಚುಂಗು ಕಳೆದುಕೊಂಡವನು ಬೇರೇನೋ ಎನ್ನುತ್ತಾನೆ. ಗೋಡೆಯ ಮೇಲೆ ಉಳಿದವರದು ಒಂದೋ ಎರಡೋ ತುಂಡು ಇದ್ದರೆ, ವರ್ಲಿನನದು ಒಂದು ಸಾಲಿಗೆ ಸಾಲೇ ಇತ್ತು.

ಅಷ್ಟಕ್ಕೇ ಮುಗಿದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ಆದರೆ ಈ ಬೇಸಿಗೆಯಲ್ಲಿ ಚರ್ಚಿನ ಹೆಂಗಸರು ಬಿಡಾರಕ್ಕೆ ಬಂದು, ಗೋಡೆಯ ಚುಂಗುಗಳನ್ನೆಲ್ಲ ಕಿತ್ತುಕೊಂಡು ಹೋಗಿ, ಒಂದು ದೊಡ್ಡ ಕೌದಿ ಹೊಲಿಯಲು ಕೂತರು. ಒಂದೊಂದು ತುಂಡಿನ ಮೇಲೂ ತಪ್ಪಿದವನ ಹೆಸರು, ತಪ್ಪಿದ ವರ್ಷ, ದಾರದಲ್ಲಿ ಕಸೂತಿ. ಚರ್ಚಿಗೆ ಹೊಸ ಒಲೆ ಹಾಕಿಸಲು ಅದನ್ನು ಹರಾಜು ಹಾಕುವುದೆಂದು ತೀರ್ಮಾನ. ಹೆಂಗಸರ ಮುಂದಾಳು ಬೇರೆ ಯಾರೂ ಅಲ್ಲ, ವರ್ಲಿನನ ಹೆಂಡತಿ ಆರ್ಡಿಸ್. ಕೌದಿಯೆಲ್ಲ ಮುಗಿದು ಒಂದೇ ಒಂದು ಮೂಲೆ ಖಾಲಿ ಉಳಿದಿತ್ತು. ಹರಾಜು ನಡೆಯುವುದು ಬೇಟೆ ಶುರುವಾಗುವ ಶನಿವಾರದ ಮಾರನೆಯ ದಿನ. ಆ ಮೂಲೆಯ ಮಾತು ಬಂದಾಗಲೆಲ್ಲ ಊರಿನವರು ವರ್ಲಿನನ ಮುಖ ನೋಡಿ ನಗುತ್ತಿದ್ದರು. ಹಾಲು ತುಂಬಿಸಿಕೊಳ್ಳಲು ಅವನು ಟ್ಯಾಂಕರು ತೆಗೆದುಕೊಂಡು ಯಾವ ಕೊಟ್ಟಿಗೆಗೆ ಹೋದರೂ ಅದೇ ನಗು.

ಈ ಸಲ ಆ ಮೂಲೆ ನನ್ನದಲ್ಲ ಎಂದು ವರ್ಲಿನ್ ಹಲ್ಲು ಕಚ್ಚಿ ನಿಶ್ಚಯಿಸಿದ. ಅಜ್ಜನ ಕಾಲದ ಕೋವಿಯನ್ನು ಅಟ್ಟಕ್ಕೆ ಏರಿಸಿ, ಬಣ್ಣದ ಡಬ್ಬ, ದನದ ಉಪ್ಪು ಮಾರುವ ಅಂಗಡಿಯಲ್ಲಿ ಹೊಸದೊಂದು ಬೋಲ್ಟ್ ರೈಫಲು ಕೊಂಡ. ಕರೀ ಪ್ಲಾಸ್ಟಿಕ್ ಹಿಡಿ, ಹೊಳಪಿಲ್ಲದ ನಳಿಗೆ, ಮೇಲೊಂದು ಗುರಿ ನೋಡುವ ದುರ್ಬೀನು. ಬೋಲ್ಟ್ ಎತ್ತಿ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ತೋಟಾ ಒಳಗೆ, ಅಷ್ಟೇ ಅದರ ವೈಭವ. ಭಾವಮೈದುನ ರಾಯ್ಸ್‌ನ ಕೋವಿಯ ಚರ್ಮದ ಚೀಲಕ್ಕೆ ಎಷ್ಟು ಬಿದ್ದಿತ್ತೋ ಅಷ್ಟರಲ್ಲಿ ಇವನಿಗೆ ಇಡೀ ಕೋವಿ ಬಂತು. "ನೋಡೋಕೆ ಏನೂ ಇಲ್ಲ, ಆದ್ರೆ ಸುಳ್ಳು ಹೇಳಲ್ಲ" ಎಂದಿದ್ದ ಅಂಗಡಿಯವನು. ಅದು ನಿಜವೆಂದು ವರ್ಲಿನನಿಗೆ ಮೊದಲ ದಿನವೇ ಗೊತ್ತಾಯಿತು. ಜಲ್ಲಿ ಗುಂಡಿಯಲ್ಲಿ ನೂರು ಗಜ ದೂರಕ್ಕೆ ಕಾಗದದ ತಟ್ಟೆ ನಿಲ್ಲಿಸಿ ಮೂರು ಈಡು ಹೊಡೆದರೆ, ಮೂರು ತೂತೂ ಒಂದು ಬಿಯರು ಮುಚ್ಚಳದಡಿ ಅಡಗಿದವು. ಇಷ್ಟು ವರ್ಷ ತಪ್ಪಿದ್ದು ತಾನಲ್ಲ, ಅಜ್ಜನ ಕೋವಿ ಎಂದು ತಿಳಿದು ಅವನ ಕಣ್ಣು ತುಂಬಿತು.

ಶನಿವಾರ ಬೆಳಕು ಹರಿಯುವ ಮೊದಲೇ ಎದ್ದು ಕತ್ತಲಲ್ಲೇ ಬಟ್ಟೆ ತೊಟ್ಟ. ಕುರ್ಚಿಯ ಮೇಲೆ ಹೊಸ ಅಂಗಿ ಇತ್ತು. ನೀಲಿ ಚೌಕಳಿಯದು, ಆರ್ಡಿಸ್ ತಂದು ಇಸ್ತ್ರಿ ಮಾಡಿ ಇಟ್ಟದ್ದು. ಹೆಂಡತಿಗೆ ತನ್ನ ಮೇಲೆ ಎಷ್ಟು ಅಕ್ಕರೆ ಎಂದುಕೊಂಡ.

"ಕೋವಿ ಯಾರೂ ಮುಟ್ಟಿಲ್ಲ ತಾನೆ?" ಎಂದು ಬಾಗಿಲಲ್ಲಿ ನಿಂತು ಕೇಳಿದ.

"ನಿನ್ನ ಕೋವಿ ನಾನ್ಯಾಕೆ ಮುಟ್ಲಿ?" ಎಂದಳು ಆರ್ಡಿಸ್ ಹೊದಿಕೆಯೊಳಗಿಂದ. "ಹೋಗ್ಬಾ. ಸೊಂಟ ಬೆಚ್ಚಗಿಟ್ಕೋ, ಚಳಿ ಇದೆ."

ಬಿಡಾರದಲ್ಲಿ ಕಾಫಿ ಕುದಿಯುತ್ತಿತ್ತು. ಟ್ರ್ಯಾಕ್ಟರ್ ವ್ಯಾಪಾರದಲ್ಲಿ ದುಂಡಗಾದ ರಾಯ್ಸ್, ಆಕ್ರೋಟು ಮರದ ಹಿಡಿಯ ತನ್ನ ಕೋವಿಯನ್ನು ಎಳೆ ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಎಣ್ಣೆ ಸವರುತ್ತಿದ್ದ.

"ಏನ್ ಭಾವ, ಮಕ್ಕಳ ಆಟದ ಸಾಮಾನು ಎತ್ಕೊಂಡ್ ಬಂದಿದ್ದೀಯ? ನೀರು ಚಿಮ್ಮುತ್ತೋ ಹೆಂಗೆ?"

"ಸಂಜೆ ಹೇಳ್ತೀನಿ" ಎಂದ ವರ್ಲಿನ್.

"ಸಂಜೆ ನೀನು ಹೇಳೋದ್ ಬೇಡ, ಕತ್ತರಿ ಹೇಳುತ್ತೆ. ಅಕ್ಕನ ಕೌದಿಗೆ ಒಂದು ಮೂಲೆ ಬಾಕಿ ಇದೆಯಂತಲ್ಲ?"

ವರ್ಲಿನ್ ಕಾಫಿ ಬಗ್ಗಿಸಿಕೊಂಡು ತಿರುಗುವಷ್ಟರಲ್ಲಿ ಪಕ್ಕದ ಮನೆಯ ಲೈಲ್ ಇವನ ಕೋವಿ ಹಿಡಿದು ನಿಂತಿದ್ದ. ತಿರುಪು ಕಂಡರೆ ತಿರುಗಿಸದೆ ಬಿಡುವ ಜನ್ಮವಲ್ಲ ಲೈಲನದು. ಚರ್ಚಿನ ಹಳೆಯ ಒಲೆ ಕೆಟ್ಟದ್ದೂ ಅವನು ರಿಪೇರಿ ಮಾಡಿದ ಮೇಲೆಯೇ.

"ದುರ್ಬೀನು ಸ್ವಲ್ಪ ಎಡಕ್ಕಿತ್ತು ಕಣೋ" ಎಂದ ಲೈಲ್, ತಿರುಪು ತಿರುಗಿಸಿದ ನಾಣ್ಯವನ್ನು ಜೇಬಿಗೆ ಹಾಕುತ್ತ. "ಒಂದಿಷ್ಟು ತಿರುಗಿಸಿದೀನಿ. ಥ್ಯಾಂಕ್ಸು ಗೀಂಕ್ಸು ಬೇಡ."

"ಎಷ್ಟು ತಿರುಗಿಸಿದೆಯೋ?"

"ಸರಿಯಾಗೋವಷ್ಟು."

ವರ್ಲಿನನಿಗೆ ಅಳುವುದೋ ಹೊಡೆಯುವುದೋ ತಿಳಿಯಲಿಲ್ಲ. ಬಿಡಾರದ ಹತ್ತಿರ ಗುಂಡು ಹಾರಿಸಿ ಪರೀಕ್ಷೆ ಮಾಡಿದರೆ ಜಿಂಕೆಗಳೆಲ್ಲ ಪಕ್ಕದ ತಾಲ್ಲೂಕಿಗೆ ಓಡುತ್ತವೆ. ಎಲ್ಲರೂ ತಂತಮ್ಮ ಮರದ ಮೇಲಿನ ಅಟ್ಟಣೆ ಹತ್ತಲು ಹೊರಟರೆ, ಅವನು ಮಾತ್ರ ಗಾಡಿ ತಿರುಗಿಸಿ ಮತ್ತೆ ಜಲ್ಲಿ ಗುಂಡಿಗೆ ಹೋದ. ಮೊದಲ ಈಡು ತಟ್ಟೆಗೇ ತಾಗಲಿಲ್ಲ. ಹಿಮದಲ್ಲಿ ಬೋರಲು ಮಲಗಿ, ಲೈಲನ ವಂಶವನ್ನು ಅಜ್ಜನಿಂದ ಶುರುಮಾಡಿ ಒಬ್ಬೊಬ್ಬರನ್ನೇ ಬೈಯುತ್ತ, ತಿರುಪನ್ನು ಹಿಂದಕ್ಕೆ ತಿರುಗಿಸುತ್ತ ಹೋದ. ಮೂರು ತೂತುಗಳು ಮತ್ತೆ ಮುಚ್ಚಳದಡಿ ಬರುವ ಹೊತ್ತಿಗೆ ಮಧ್ಯಾಹ್ನ. ಅಷ್ಟರಲ್ಲಿ ಅವನ ಸೊಂಟದ ಹಿಂದೆ ಮಂಜಿನ ಗಾಳಿ ನುಗ್ಗಿ ಬೆನ್ನು ಮರಗಟ್ಟಿತ್ತು. ಈ ಪ್ಯಾಂಟು ಸಡಿಲವಾಗಿದೆ ಎಂದುಕೊಂಡು ಬೆಲ್ಟನ್ನು ಒಂದು ತೂತು ಬಿಗಿ ಮಾಡಿದ.

ತನ್ನ ಅಟ್ಟಣೆಗೆ ಬಂದು ನೋಡಿದರೆ ಮೇಲೆ ರಾಯ್ಸ್ ಕೂತಿದ್ದ.

"ಖಾಲಿ ಇತ್ತು, ಹತ್ಕೊಂಡೆ ಭಾವ" ಎಂದು ಪಿಸುಗುಟ್ಟಿದ. "ನೀನು ಜೌಗಿನ ಆಚೆ ಹೋಗು. ಅಲ್ಲಿ ಜಿಂಕೆ ಬರಲ್ಲ, ನಿನಗೂ ಒಳ್ಳೇದು. ಹೊಡೆಯದೇ ಇದ್ರೆ ತಪ್ಪೋದೂ ಇಲ್ಲ!"

ಜಗಳಕ್ಕೆ ನಿಂತರೆ ಬೇಟೆ ಕೆಡುತ್ತದೆ. ವರ್ಲಿನ್ ಮೊಣಕಾಲುದ್ದದ ಜೌಗು ದಾಟಿ, ಒಂದು ಒಣ ಮರದ ಬುಡದಲ್ಲಿ ಕೂತ. ಬೂಟಿನೊಳಗೆ ನೀರು, ಬೆನ್ನಿಗೆ ಗಾಳಿ, ಹೊಟ್ಟೆಯಲ್ಲಿ ಒಂದು ತುಂಡು ಸಾಸೇಜು. ಏಳುವುದಿಲ್ಲ ಎಂದರೆ ಏಳುವುದಿಲ್ಲ ಎಂದು ಮರಕ್ಕೆ ಅಂಟಿಕೊಂಡ.

ಹೊತ್ತು ಇಳಿಯುವಾಗ ಆಚೆಯಿಂದ ರಾಯ್ಸ್‌ನ ಕೋವಿ ಢಂ ಎಂದಿತು. ಹಿಂದೆಯೇ ಇನ್ನೊಂದು. ಅದರ ಹಿಂದೆ ಒಂದು ಬೈಗುಳ. ಇಡೀ ದಿನ ಹಿಮದಲ್ಲಿ ನೆನೆದು ಆಕ್ರೋಟು ಮರದ ಹಿಡಿ ಉಬ್ಬಿ, ನಳಿಗೆಯನ್ನು ಪಕ್ಕಕ್ಕೆ ಒತ್ತಿತ್ತು. ಮರ ಎಷ್ಟು ದುಬಾರಿಯಾದರೂ ಮರವೇ ತಾನೆ! ಪ್ಲಾಸ್ಟಿಕ್ಕಿಗೆ ಆ ರೋಗವಿಲ್ಲ. ಬೆದರಿದ ಜಿಂಕೆ ಜೌಗಿನ ನೀರು ಚಿಮ್ಮಿಸುತ್ತ ನೇರ ವರ್ಲಿನನ ಕಡೆಗೇ ಬಂದು, ತಿರುಗಿ ನೋಡಲು ಒಂದು ಗಳಿಗೆ ನಿಂತಿತು. ತಲೆಯ ಮೇಲೆ ಕೊಂಬೆಯಂಥ ಕೊಂಬು. ವರ್ಲಿನ್ ಉಸಿರು ಬಿಗಿಹಿಡಿದು ಕೋವಿಯ ಕುದುರೆ ಒತ್ತಿದ. ಒಂದೇ ಈಡು. ಜಿಂಕೆ ನಿಂತಲ್ಲೇ ಕುಸಿಯಿತು.

ಸಂಜೆ ಬಿಡಾರದ ಮುಂದಿನ ಗಳುವಿನಲ್ಲಿ ಆ ಜಿಂಕೆ ತೂಗುತ್ತಿತ್ತು. ರಾಯ್ಸ್ ಕೊಂಬನ್ನು ಮುಟ್ಟಿ ಮುಟ್ಟಿ ನೋಡಿದ. "ನಾನ್ ತಿರುಗಿಸಿದ್ದಕ್ಕೇ ತಾಗಿದ್ದು" ಎಂದ ಲೈಲ್. ಒಳಗೆ ಬ್ರಾಂದಿ ಬಗ್ಗಿಸಿದ ಮೇಲೆ ನಾರ್ಬರ್ಟ್ ಮಾವ ಉಣ್ಣೆಯ ಕತ್ತರಿ ತೆಗೆದ.

"ರಾಯ್ಸ್, ಎರಡು ಈಡು, ಎರಡೂ ತಪ್ಪು. ಬಗ್ಗೋ ಮಗನೆ."

"ಮಾವ, ಆ ಕತ್ತರಿ ನನಗೆ ಕೊಡಿ" ಎಂದು ವರ್ಲಿನ್ ಎದ್ದು ನಿಂತ. ಈ ಮಾತಿಗಾಗಿ ಅವನು ವರ್ಷಗಟ್ಟಲೆ ಕಾದಿದ್ದ. "ಇವತ್ತು ನಾನ್ ಕತ್ತರಿಸ್ತೀನಿ."

"ಕತ್ತರಿಸೋ, ನಿನ್ನ ಹಕ್ಕು" ಎಂದ ಮುದುಕ. "ಆದ್ರೆ ಕಟ್ಟಳೆ ಗೊತ್ತಲ್ಲ? ಕತ್ತರಿ ಹಿಡಿಯೋನು ಮೊದ್ಲು ತನ್ನ ಚುಂಗು ಇಡಿಯಾಗಿದೆ ಅಂತ ತೋರಿಸ್ಬೇಕು."

"ಧಾರಾಳವಾಗಿ!" ಎಂದು ವರ್ಲಿನ್ ಮೇಲಂಗಿ ಕಳಚಿ ಎಸೆದು, ಬೆನ್ನು ತಿರುಗಿಸಿ, ಅಂಗಿಯನ್ನು ಹಿಂದಿನಿಂದ ಹಿಡಿದು ಎಳೆದ. ಎಳೆಯಲು ಏನೂ ಸಿಗಲಿಲ್ಲ. ಮತ್ತೆ ತಡಕಿದ. ಅಂಗಿ ಸೊಂಟದ ಮೇಲೆಯೇ ಮುಗಿದಿತ್ತು, ಅದೂ ಅಳತೆಕೋಲು ಇಟ್ಟು ಕತ್ತರಿಸಿದಷ್ಟು ನೇರವಾಗಿ.

ಬಿಡಾರದ ಮಾಡೇ ಹಾರಿಹೋಗುವಂತೆ ನಗು ಎದ್ದಿತು.

ಅದೇ ಹೊತ್ತಿಗೆ ಆರ್ಡಿಸ್ ಒಂದು ಕೈಯಲ್ಲಿ ಹಾಟ್‌ಡಿಶ್ಶು ಎಂಬ ಬಿಸಿ ಆಲೂಗಡ್ಡೆ ಅಡುಗೆಯ ಪಾತ್ರೆ, ಇನ್ನೊಂದು ಕಂಕುಳಲ್ಲಿ ಕೌದಿಯ ಗಂಟು ಹಿಡಿದು ಒಳಗೆ ಬಂದಳು. ಎಲ್ಲರಿಗೂ ಕಾಣಲೆಂದು ಕೌದಿಯನ್ನು ಹರವಿದಳು. ಕೊನೆಯ ಮೂಲೆಯಲ್ಲಿ ನೀಲಿ ಚೌಕಳಿಯ ತುಂಡು. ಅದರ ಮೇಲೆ ಕೆಂಪು ದಾರದಲ್ಲಿ: ವರ್ಲಿನ್ ಜಾಸ್ತ್ರೋ, ಈ ವರ್ಷ.

"ನೀನಾ!" ಎಂದ ವರ್ಲಿನ್.

"ನಿನ್ನೆ ರಾತ್ರಿನೇ ಕತ್ತರಿಸ್ದೆ" ಎಂದಳು ಆರ್ಡಿಸ್ ತಣ್ಣಗೆ. "ಹರಾಜು ನಾಳೆ ಬೆಳಗ್ಗೆ. ಸಂಜೆ ನೀವು ಕೊಡೋವರೆಗೂ ಕಾದ್ರೆ ಕಸೂತಿ ಯಾವಾಗ ಹಾಕೋದು? ನಾರ್ಬರ್ಟ್ ಮಾವನ ಕತ್ತರಿ ಬಟ್ಟೆನ ಇಲಿ ಕಡಿದ ಹಾಗೆ ಮಾಡುತ್ತೆ. ಕೌದಿ ಅಂಚು ನೀಲಿ ಅಂತ ಆ ಅಂಗಿನೇ ಹುಡುಕಿ ತಂದಿದ್ದು."

"ನಾನು ಹೊಡೆದಿದೀನಿ ಕಣೇ! ಹೊರಗೆ ತೂಗ್ತಾ ಇದೆ ನೋಡು!"

ಆರ್ಡಿಸ್ ಕಿಟಕಿಯಿಂದ ಇಣುಕಿ ನೋಡಿದಳು. ಅವಳಿಗೆ ನಿಜವಾಗಿಯೂ ಪಶ್ಚಾತ್ತಾಪವಾಯಿತು. "ಅಯ್ಯೋ ಮಾರಾಯ, ಇಷ್ಟು ವರ್ಷ ಇಲ್ಲದ್ದು ಇವತ್ತೇ ಹೊಡೀತೀಯ ಅಂತ ನನಗೇನ್ ಕನಸು ಬಿದ್ದಿತ್ತಾ? ಅಂಚು ಕಟ್ಟಿ ಆಗಿದೆ. ಈಗ ಬಿಚ್ಚಿದ್ರೆ ಇಡೀ ಕೌದಿ ಬಿಚ್ಕೊಳುತ್ತೆ."

ನಾರ್ಬರ್ಟ್ ಮಾವ ಗಡ್ಡ ಕೆರೆದುಕೊಂಡು ತೀರ್ಪು ಕೊಟ್ಟ: ಚುಂಗಿಲ್ಲದವನಿಗೆ ಕತ್ತರಿಯಿಲ್ಲ, ಕೌದಿಯಲ್ಲಿ ಇನ್ನೊಂದು ತುಂಡಿಗೆ ಜಾಗವೂ ಇಲ್ಲ, ಆದ್ದರಿಂದ ರಾಯ್ಸ್ ಈ ವರ್ಷ ಬಚಾವು.

ವರ್ಲಿನ್ ಕೌದಿಯನ್ನೇ ದಿಟ್ಟಿಸಿದ. ಜಿಂಕೆ ಕ್ರಿಸ್‌ಮಸ್ಸಿಗೆ ತಿಂದು ಮುಗಿಯುತ್ತದೆ, ಇದು ಮೊಮ್ಮಕ್ಕಳ ಕಾಲಕ್ಕೂ ಯಾರದೋ ಗೋಡೆಯ ಮೇಲೆ ಸುಳ್ಳು ಹೇಳುತ್ತದೆ. ಅವನು ಮತ್ತೆ ಹಲ್ಲು ಕಚ್ಚಿದ.

"ನಾಳೆ ಹರಾಜಲ್ಲಿ ಇದನ್ನ ನಾನೇ ಕೂಗ್ತೀನಿ. ಎಷ್ಟಾದ್ರೂ ಆಗ್ಲಿ."

"ಕೂಗು ಭಾವ, ಧಾರಾಳವಾಗಿ ಕೂಗು" ಎಂದ ರಾಯ್ಸ್, ಇಡಿಯಾಗಿದ್ದ ತನ್ನ ಚುಂಗನ್ನು ಪ್ಯಾಂಟಿನೊಳಗೆ ಸೇರಿಸಿಕೊಳ್ಳುತ್ತ. "ನಾನೂ ಕೂಗೋನೇ. ಹೆಂಗೂ ಕೋವಿಲಿ ಉಳಿಸಿದ ದುಡ್ಡು ನಿನ್ನ ಹತ್ರ ಹಾಗೇ ಇದೆಯಲ್ಲ."

ವರ್ಲಿನ್ ಕುರ್ಚಿಯನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡು, ಬೆನ್ನು ಬೆಂಕಿಗೆ ಕೊಟ್ಟು ಕೂತ.