ಪುಸ್ತಕದ ಕಾಲು, ಫೋನಿನ ಕಾಲು

ಫೋನು ಸಾರಿನ ಪಾತ್ರೆಗೆ ಬೀಳಬಹುದಿತ್ತು. ಹೆಣಿಗೆಯ ನಡುವೆ ನೆಟ್‌ವರ್ಕ್ ಹೋಗಬಹುದಿತ್ತು. ಚಂದಾ ಕಟ್ಟಲು ಹೋಗಿ ಯಾರೋ ಕಳ್ಳನಿಗೆ ಬ್ಯಾಂಕಿನ ಬೀಗದ ಕೈಯನ್ನೇ ಕೊಟ್ಟುಬಿಡಬಹುದಿತ್ತು. ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಅದೇ ಗುಲಾಬಿ ಉಲ್ಲನ್ ಮುಗಿದಿರಬಹುದಿತ್ತು. ಬಂಗಾರಪೇಟೆ ಬಸ್ಸಿನಲ್ಲಿ ಚೀಲ ಮರೆಯಬಹುದಿತ್ತು. ಇವನ್ನೆಲ್ಲ ನಾನು ಒಂದೂ ಬಿಡದೆ ಮುಂಗಡವಾಗಿ ಚಿಂತಿಸಿ ಮುಗಿಸಿದ್ದೆ. ಚಿಂತೆಯಲ್ಲಿ ನನಗೆ ಐವತ್ತು ವರ್ಷದ ಅನುಭವ. ತೊಟ್ಟಿಲಲ್ಲೇ ಹುಬ್ಬು ಗಂಟಿಕ್ಕಿಕೊಂಡಿದ್ದೆ ಅಂತ ಅಮ್ಮ ಹೇಳುತ್ತಿದ್ದಳು.

ನಮ್ಮ ಬಳಗದಲ್ಲಿ ಯಾವ ಮಗು ಹುಟ್ಟಿದರೂ ನಾಮಕರಣದ ದಿನ ತೊಟ್ಟಿಲಿಗೆ ಹಾಕುವ ಮೊದಲು ನಾನು ಹೆಣೆದ ಕಾಲುಚೀಲ ತೊಡಿಸಬೇಕು. ಹಾಡಲು ಬಾರದ, ಅಡುಗೆಯೂ ಅಷ್ಟಕ್ಕಷ್ಟೇ ಆದ ನನಗೆ ಉಳಿದಿರುವ ಮರ್ಯಾದೆ ಅದೊಂದೇ. ಈ ಸಲ ಬಂಗಾರಪೇಟೆಯಲ್ಲಿರುವ ನನ್ನ ಅಕ್ಕ ಜಯಕ್ಕನ ಮೊದಲ ಮೊಮ್ಮಗಳು. ನನ್ನ ಹಳೇ ಕ್ರೋಶಾ ಪತ್ರಿಕೆಯಲ್ಲಿ ಪುಟಾಣಿ ಪಾದವೊಂದು ನಿಜ ಅಳತೆಯಲ್ಲೇ ಅಚ್ಚಾಗಿತ್ತು. ಕುಣಿಕೆ ಎಣಿಸುವುದು ನನ್ನ ಕೈಲಾಗದು. ಏಳಕ್ಕೆ ಬರುವಷ್ಟರಲ್ಲಿ ಒಲೆಯ ಮೇಲಿನ ಹಾಲು ನೆನಪಾಗುತ್ತದೆ. ಹೆಣೆದದ್ದನ್ನು ಚಿತ್ರದ ಮೇಲಿಟ್ಟು ನೋಡುವುದು, ಸಾಲದಿದ್ದರೆ ಇನ್ನೊಂದು ಸುತ್ತು ಹಾಕುವುದು, ಇಷ್ಟೇ ನನ್ನ ವಿದ್ಯೆ. ಹಾಗೆ ಒಂದು ಕಾಲು ಮುಗಿಯಿತು. ಫ್ರಾಕಿನ ಬಣ್ಣ ಹೊಂದಿಸಬೇಕೆಂದು ಜಯಕ್ಕ ಅದನ್ನು ಒಯ್ದಳು.

ಮೈಸೂರು ಮೈನ್ಸಿನ ನಮ್ಮ ಹಳೇ ಕ್ವಾರ್ಟರ್ಸಿನಲ್ಲಿ, ಚಿನ್ನದ ಗಣಿ ಮುಚ್ಚಿದರೂ ಅಗೆಯುವುದನ್ನು ಬಿಡದವು ಗೆದ್ದಲುಗಳು. ಮರುವಾರ ಬೀರು ತೆಗೆದರೆ ಮೂವತ್ತು ವರ್ಷದ ಪತ್ರಿಕೆಗಳು ಮಣ್ಣು. ನಾನು ಪೆನ್ಸಿಲಿನಲ್ಲಿ ಹಾಕಿದ ಗುರುತು, ಅರಿಶಿನದ ಬೆರಳಚ್ಚು, ಎಲ್ಲಾ ಹೋಗಿತ್ತು. ಆ ಪಾದದಲ್ಲಿ ಹಿಮ್ಮಡಿ ಮಾತ್ರ ಉಳಿದಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ.

“ಅಯ್ಯೋ ಎನ್ನಮ್ಮಾ, ಕಾಗದಕ್ಕೆಲ್ಲ ಹಿಂಗೆ ಅಳ್ತಾರಾ?” ಎಂದಳು ಪಕ್ಕದ ಮನೆ ಸೆಲ್ವಿ. “ಅದೇ ಪುಸ್ತಕ ಫೋನಲ್ಲಿ ಬರ್ತದೆ. ಗೆದ್ದಲಿಗೆ ಪಾಸ್‌ವರ್ಡ್ ಗೊತ್ತಾಗಲ್ಲ, ಸುಮ್ನಿರು.”

ಅವಳೇ ಚಂದಾ ಕಟ್ಟಿಸಿ ತೆರೆದುಕೊಟ್ಟಳು. ಅದೇ ಸಂಚಿಕೆ, ಅದೇ ಪಾದ. ಆದರೆ ಮುಟ್ಟಿದರೆ ಪುಟ ಹಾರಿಹೋಗುತ್ತದೆ, ಮೂಸಿದರೆ ವಾಸನೆಯಿಲ್ಲ, ಗುರುತು ಹಾಕೋಣವೆಂದರೆ ಗಾಜು. ಹಳೇ ಅಭ್ಯಾಸದಂತೆ ಎರಡನೇ ಕಾಲನ್ನು ಪರದೆಯ ಮೇಲಿಟ್ಟು, ಸಾಲದಿದ್ದರೆ ಇನ್ನೊಂದು ಸುತ್ತು ಹಾಕುತ್ತಾ ಹೋದೆ. ಉಲ್ಲನ್ ಯಾಕೋ ಹೆಚ್ಚೇ ಹಿಡಿಯಿತು. ಈಗಿನ ದಾರವೇ ಇಷ್ಟು, ಹಾಳು ಕಾಲ ಎಂದುಕೊಂಡೆ.

ನಾಮಕರಣದ ದಿನ ಹೆಂಗಸರೆಲ್ಲ ತೊಟ್ಟಿಲ ಸುತ್ತ ನೆರೆದಿದ್ದರು. ಜಯಕ್ಕ ತನ್ನ ಬಳಿಯಿದ್ದ ಕಾಲುಚೀಲ ತೊಡಿಸಿದಳು; ಅಳೆದು ಹೊಲಿಸಿದಂತೆ ಕೂತಿತು. ನಾನು ತಂದದ್ದನ್ನು ಬಿಡಿಸಿ ಎತ್ತಿ ಹಿಡಿದಳು.

“ಏನೇ ಇದು! ಮಗೀಗಾ, ಇಲ್ಲಾ ನಿಮ್ ಬಾವಂಗಾ?”

ನಗು ಬೀದಿಯವರೆಗೂ ಹೋಯಿತು. ನನ್ನ ಮುಖ ನೋಡಿ ಜಯಕ್ಕನಿಗೇ ಅಯ್ಯೋ ಅನ್ನಿಸಿರಬೇಕು. “ಓಗ್ಲಿ ಬಿಡೇ, ಅಳ್ಬೇಡ. ಎಲ್ಡು ಕಾಲೂ ಇದ್ರೊಳ್ಗೇ ಇಕ್ತೀನಿ,” ಎಂದವಳೇ ಹಾಗೇ ಮಾಡಿ ಮಲಗಿಸಿದಳು. ಮಗು ಸೊಂಟದವರೆಗೆ ಗುಲಾಬಿ ಮೀನಾಗಿ ಹಾಯಾಗಿ ನಿದ್ದೆಹೋಯಿತು. ನನಗೆ ಮಾತ್ರ ಪಾಯಸ ಇಳಿಯಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಫೋನು ತೆಗೆದು ನೋಡಿದೆ. ಚಾರ್ಜು ಇತ್ತು, ನೆಟ್‌ವರ್ಕ್ ಇತ್ತು, ಬ್ಯಾಂಕಿನ ದುಡ್ಡೂ ಇತ್ತು. ಆ ಪಾದವೂ ಇತ್ತು, ಕಡಲೆಬೀಜದಷ್ಟು. ಕನ್ನಡಕ ಒಳಕೋಣೆಯಲ್ಲಿದೆಯಲ್ಲ, ಯಾರು ಏಳುತ್ತಾರೆ ಅಂತ, ಆವತ್ತು ಹೆಣೆಯಲು ಕೂತಾಗ ನಾನು ಅದನ್ನು ಎರಡು ಬೆರಳಲ್ಲಿ ಒಂಚೂರು ಅಗಲ ಮಾಡಿಕೊಂಡಿದ್ದೆ. ಅಷ್ಟೇ.