ಸಾವಕಾರರ ಬಾಗಿಲಿಗೆ ರಂಗೋಲಿ

ಇಳಕಲ್ಲಿನ ಒಂದು ಸೀರೆ ಅಂಗಡಿಯನ್ನು ಅರ್ಧ ದಿನ ಬಂದ್ ಮಾಡಿಸಲು ಏನು ಬೇಕು? ಮೋರ್ಚಾ? ಪೊಲೀಸರು? ನಮ್ಮ ಸೋದರತ್ತೆಗೆ ರಂಗೋಲಿ ಪುಡಿ ಸಾಕಾಯಿತು!

ಅತ್ತೆ ಕೈಗೆ ಸಿಕ್ಕಿದ್ದರ ಮೇಲೆಲ್ಲ ಚಿತ್ರ ಬರೆಯುವವಳು. ಒಣಹಾಕಿದ ಹಪ್ಪಳವೂ ಬಚಾವಾಗುತ್ತಿರಲಿಲ್ಲ. ಒಮ್ಮೆ ಓಣಿಯ ನಳ ವಾರಗಟ್ಟಲೆ ಒಣಗಿ ನಿಂತಾಗ ಅದರ ಮುಂದೆ ನಳದ್ದೇ ಚಿತ್ರ ಬರೆದು, ಹಾರ ಹಾಕಿ, ಊದಿನಕಡ್ಡಿ ಹಚ್ಚಿದಳು. ಪುರಸಭೆಯವನು ಬಂದು, "ಯಾರು ತೀರಕೊಂಡ್ರಬೇ?" ಎಂದ.

"ನಳ. ಮಣ್ಣಿಗಿ ಬರಬೇಕಿತ್ತು, ತಡಾ ಮಾಡಿದಿ."

ಎಂಬತ್ತರ ದಶಕದಲ್ಲಿ ಯಂತ್ರದ ಮಗ್ಗದ ಪಾಲಿಸ್ಟರ್ ಸೀರೆ ಇಳಕಲ್ ಸೀರೆಯ ವೇಷ ಹಾಕಿಕೊಂಡು ಪೇಟೆಗೆ ಬಂತು. ನಮ್ಮ ಓಣಿಯ ಹೆಂಗಸರು ಸೆರಗಿನ ಎಳೆಯನ್ನು ಸೀರೆಯ ಮೈಯ ಎಳೆಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿ ಹೊಟ್ಟೆ ಹೊರೆಯುತ್ತಿದ್ದವರು. ಯಂತ್ರಕ್ಕೆ ಕೊಂಡಿಯೂ ಬೇಡ, ಹೆಂಗಸರೂ ಬೇಡ. ಪೇಟೆಯ ಸೀರೆ ಅಂಗಡಿಯ ಸಾವಕಾರರು ಇದನ್ನು ಪ್ರಗತಿ ಎಂದರು. ಆ ಪ್ರಗತಿ ಎಷ್ಟು ಮುಂದುವರಿಯಿತೆಂದರೆ, ಎರಡೂ ಸೀರೆಗಳನ್ನು ಒಂದೇ ರಾಶಿಯಲ್ಲಿಟ್ಟು, "ಎಲ್ಲಾ ಕೈಮಗ್ಗದ್ದ ಐತ್ರಿ" ಎಂದು ಮಾರತೊಡಗಿದರು. ಕೊಂಡಿಯವರ ಕೆಲಸ ನಿಲ್ಲುತ್ತ ಬಂತು.

ಒಂದು ಬೆಳಿಗ್ಗೆ ಅತ್ತೆ ಅವರನ್ನೆಲ್ಲ ಕರೆದುಕೊಂಡು ಹೊರಟಳು. ಪುಡಿಯ ಬುಟ್ಟಿ ಹೊತ್ತವಳು ನಾನೇ. ಅಂಗಡಿಯ ಹೊಸ್ತಿಲಿನಿಂದ ರಸ್ತೆಯವರೆಗೆ ರಂಗೋಲಿ ಹಾಕಿದಳು: ನಡುವೆ ಮಗ್ಗ, ಸುತ್ತ ಕೊಂಡಿ ಹಾಕುವ ಕೈಗಳು. ಸಾವಕಾರರು ಬಂದವರೇ ಚಪ್ಪಲಿ ಕಳಚಿ ಭಕ್ತಿಯಿಂದ ಕೈಮುಗಿದರು. ಒಳಗೆ ಹೋಗಲು ದಾರಿಯಿಲ್ಲವೆಂದು ಆಮೇಲೆ ಹೊಳೆಯಿತು.

"ಇದನ್ನ ದಾಟೂದು ಹ್ಯಾಂಗ್ರಿ ಅಕ್ಕಾರ?"

"ತುಳದು ಹೋಗ್ರಿ. ನಮ್ಮನ್ನ ತುಳದೀರಿ, ರಂಗೋಲಿ ಏನ್ ಭಾರ ಆತು?"

ಕಲಾದಗಿಯಿಂದ ಮದುವೆ ಜವಳಿಗೆ ಬಂದ ಬೀಗತಿಯರು ರಂಗೋಲಿ ತುಳಿಯುವುದುಂಟೇ? ಅಂಚಿನಲ್ಲಿ ನಿಂತು, ಆ ಕೈಗಳು ಯಾರವೆಂದು ಕೇಳಿ ತಿಳಿದು, ಎದುರಿನ ಅಂಗಡಿಗೆ ನಡೆದರು. ಮಧ್ಯಾಹ್ನದ ಹೊತ್ತಿಗೆ ಸಾವಕಾರರು ಮೆತ್ತಗಾಗಿ, ಯಂತ್ರದ ಸೀರೆಗಳನ್ನು ಬೇರೆ ರಾಶಿ ಹಾಕಿಸಲು ಒಪ್ಪಿದರು. ಸೋತ ಉರಿಗೆ ಒಂದು ಮಾತೂ ಬಿಟ್ಟರು: "ಗಂಡ ಸತ್ತಾಕಿ ಬಾಗಲಾಗ ರಂಗೋಲಿ ಹಾಕಿದ್ರ ಉದ್ಧಾರ ಆದಂಗ ಬಿಡು."

ಎಲ್ಲರಿಗೂ ತಿರುಗಿ ಹೇಳುವ ನಮ್ಮ ವಿಧವೆ ಅತ್ತೆ, ಉಳಿದ ಪುಡಿಯನ್ನು ಬುಟ್ಟಿಗೆ ತುಂಬತೊಡಗಿದಳು.

ಕೊಂಡಿಯವರಲ್ಲಿ ಒಬ್ಬಳು ಎದ್ದು ಬಂದು ಅವಳ ಕೈ ಹಿಡಿದಳು. "ಅಕ್ಕಾರ, ನಾಡಿದ್ದ ನನ್ನ ಮಗಳ ಲಗ್ನ. ಹಂದರದಾಗ ನೀವ ರಂಗೋಲಿ ಹಾಕಬೇಕು."

"ನಾನಾ?"

"ನೀವ ರೀ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದಳು: "ಬರೇ ಬಿಳೇದ ಹಾಕಲೇನವ್ವಾ, ಬಣ್ಣಾನೂ ತುಂಬ್ಲೋ?"